ಓದುಗರ ಪ್ರಶ್ನೆ, ನಮ್ಮ ಉತ್ತರ: ಇಮ್ಯುನೋಥೆರಪಿ ಎಂದಾಗ ಡಾಕ್ಟರ ಬಳಿ ಏನು ಕೇಳಬೇಕು?

ಶ್ವಾಸಕೋಶದ ಕ್ಯಾನ್ಸರ್ ಕುರಿತು ಶಿವಮೊಗ್ಗ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪದದ ಸುತ್ತ ಇವೆ: ಇಮ್ಯುನೋಥೆರಪಿ, ಅಂದರೆ ದೇಹದ ರಕ್ಷಣಾ ಕೋಶಗಳನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಹೆಸರು ಬೇಡವೆಂದು ಹಲವರು ಕೇಳಿದ್ದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಅಪ್ಪನಿಗೆ 64 ವರ್ಷ, ಬೀಡಿ ಸೇದುತ್ತಿದ್ದರು. ಬಯಾಪ್ಸಿಯಲ್ಲಿ ‘ಅಡಿನೋಕಾರ್ಸಿನೋಮಾ’ (ಶ್ವಾಸಕೋಶದ ಕ್ಯಾನ್ಸರ್‌ನ ಒಂದು ಬಗೆ) ಎಂದು ಬಂದಿದೆ. ‘ಇಮ್ಯುನೋಥೆರಪಿ ಕೊಡಬಹುದು, ಆದರೆ ಇನ್ನೆರಡು ಟೆಸ್ಟ್ ಬರಲಿ’ ಎಂದರು ಡಾಕ್ಟರು. ಮುಂದಿನ ವಾರ ಮತ್ತೆ ಹೋಗಬೇಕು. ಏನು ಕೇಳಬೇಕೆಂದೇ ತಿಳಿಯುತ್ತಿಲ್ಲ. (ತೀರ್ಥಹಳ್ಳಿ)

ಉತ್ತರ: ‘ಟೆಸ್ಟ್ ಬರಲಿ’ ಎಂದು ಕಾಯಿಸುವ ಡಾಕ್ಟರು ಸರಿಯಾದ ದಾರಿಯಲ್ಲೇ ಇದ್ದಾರೆ. ಕಾಯುವ ದಿನಗಳು ಮನೆಯವರಿಗೆ ಕಷ್ಟ, ನಿಜ. ಆದರೆ ಈ ಕಾಯಿಲೆಯಲ್ಲಿ ವರದಿ ಬರುವ ಮೊದಲೇ ಔಷಧ ಶುರುವಾದರೆ ಆಮೇಲೆ ಹಿಂದಕ್ಕೆ ಬರುವುದು ಕಷ್ಟ.

ಮೊದಲು ಔಷಧದ ಬಗ್ಗೆ ಕೇಳಬೇಡಿ, ಕಾಯಿಲೆಯ ಬಗ್ಗೆ ಕೇಳಿ. ಯಾವ ಜಾತಿಯದು, ಎಷ್ಟನೇ ಹಂತ, ಚಿಕಿತ್ಸೆಯ ಗುರಿ ವಾಸಿ ಮಾಡುವುದೋ ಹಿಡಿತದಲ್ಲಿಡುವುದೋ? ಹಂತ ಬದಲಾದರೆ ಇಮ್ಯುನೋಥೆರಪಿಯ ಜಾಗವೂ ಬದಲಾಗುತ್ತದೆ. ಆಪರೇಷನ್ ಮಾಡಬಹುದಾದ ಗಡ್ಡೆಯಾದರೆ ಮೊದಲು ಕೀಮೋ ಜೊತೆ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು ಮೂರು ವಾರಕ್ಕೊಮ್ಮೆ 3 ಸಲ ಕೊಟ್ಟು, ನಂತರ ಆಪರೇಷನ್ ಮಾಡುವ ಕ್ರಮವಿದೆ. ಮೂರನೇ ಹಂತದಲ್ಲಿದ್ದು ಆಪರೇಷನ್ ಆಗದು ಎಂದಾದರೆ ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೆ ಮುಗಿಸಿ, ಕಾಯಿಲೆ ಬೆಳೆದಿಲ್ಲವೆಂದು ಖಚಿತವಾದ ಮೇಲೆ ಡರ್ವಾಲುಮ್ಯಾಬ್ ಅನ್ನು ಒಂದು ವರ್ಷದವರೆಗೆ ಕೊಡುತ್ತಾರೆ. ನಾಲ್ಕನೇ ಹಂತದಲ್ಲಿ ಪೆಂಬ್ರೊಲಿಜುಮ್ಯಾಬ್‌ನಂಥ ಔಷಧವನ್ನು ಒಂದೇ ಆಗಿ ಅಥವಾ ಕೀಮೋ ಜೊತೆ, ಗರಿಷ್ಠ 2 ವರ್ಷದವರೆಗೆ. ‘ಇಮ್ಯುನೋಥೆರಪಿ’ ಎಂಬ ಒಂದೇ ಪದದಡಿ ಇಷ್ಟು ಬೇರೆ ಬೇರೆ ಚಿಕಿತ್ಸೆಗಳಿವೆ. ಪಕ್ಕದೂರಿನವರಿಗೆ ಕೊಟ್ಟದ್ದು ನಿಮ್ಮ ಅಪ್ಪನಿಗೆ ಅಳತೆಗೋಲಲ್ಲ.

ಇನ್ನು ಆ ‘ಎರಡು ಟೆಸ್ಟ್’. ಒಂದು, ಕ್ಯಾನ್ಸರ್ ಕೋಶದ ಜೀನ್‌ಗಳಲ್ಲಿ ಬದಲಾವಣೆ ಇದೆಯೇ ಎಂದು ನೋಡುವ ಜೀನ್ ಪರೀಕ್ಷೆ: ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಇತ್ಯಾದಿ. ಇನ್ನೊಂದು ಪಿಡಿ-ಎಲ್1, ಕ್ಯಾನ್ಸರ್ ಕೋಶದ ಮೈಮೇಲಿನ ಒಂದು ಪ್ರೋಟೀನಿನ ಪರೀಕ್ಷೆ. ಎರಡೂ ಬಂದಿವೆಯೇ ಎಂದು ಬಾಯಿಬಿಟ್ಟು ಕೇಳಿ. ಪಿಡಿ-ಎಲ್1 ಬೇಗ ಬರುತ್ತದೆ, ಜೀನ್ ವರದಿ ಎರಡು ಮೂರು ವಾರ ಹಿಡಿಯಬಹುದು. ಬೇಗ ಬಂದದ್ದನ್ನಷ್ಟೇ ನೋಡಿ ಔಷಧ ಶುರು ಮಾಡಿದಾಗಲೇ ಎಡವಟ್ಟಾಗುವುದು. ಕಾಯಿಲೆ ಜೋರಾಗಿದ್ದು ಕಾಯಲು ಆಗದಿದ್ದರೆ ‘ಮೊದಲ ಸಲ ಕೀಮೋ ಮಾತ್ರ ಕೊಟ್ಟು, ಜೀನ್ ವರದಿ ಬಂದ ಮೇಲೆ ಇಮ್ಯುನೋಥೆರಪಿ ಸೇರಿಸಬಹುದೇ?’ ಎಂದು ಕೇಳಬಹುದು. ಅದು ತಜ್ಞರೂ ಒಪ್ಪುವ ದಾರಿ.

ಟೆಸ್ಟ್ ಕೈಕೊಡುವುದು ಹೆಚ್ಚಾಗಿ ತುಣುಕಿನ ಕಾರಣಕ್ಕೆ. ಪಿಡಿ-ಎಲ್1 ಓದಲು ಕನಿಷ್ಠ 100 ಜೀವಂತ ಕ್ಯಾನ್ಸರ್ ಕೋಶಗಳಾದರೂ ಇರಬೇಕು. ತೆಳು ಸೂಜಿಯಲ್ಲಿ ತೆಗೆದ ಮಾದರಿಯಲ್ಲಿ ಅಷ್ಟು ಸಿಗದೆ ಹೋಗಬಹುದು. ಮೂಳೆಯಿಂದ ತೆಗೆದ ತುಣುಕನ್ನು ಮೆತ್ತಗಾಗಿಸಲು ಆಮ್ಲದಲ್ಲಿ ಇಟ್ಟಿದ್ದರೆ ಜೀನ್ ಪರೀಕ್ಷೆ ಕೆಡುತ್ತದೆ. ಬಯಾಪ್ಸಿ ಶಿವಮೊಗ್ಗದಲ್ಲಿ, ಟೆಸ್ಟ್ ಬೆಂಗಳೂರಿನಲ್ಲಿ ಎಂದಾದರೆ ಗಾಜಿನ ಸ್ಲೈಡ್ ಮಾತ್ರ ಒಯ್ದರೆ ಸಾಲದು. ಮೇಣದಲ್ಲಿ ಹುದುಗಿಸಿಟ್ಟ ‘ಬ್ಲಾಕ್’ ಬೇಕು. ಲ್ಯಾಬ್‌ಗೆ ಅರ್ಜಿ ಬರೆದುಕೊಟ್ಟು ಪಡೆಯಿರಿ, ಸಹಿ ಹಾಕಿಸಿಕೊಳ್ಳಿ, ಕೆಲಸ ಮುಗಿದ ಮೇಲೆ ವಾಪಸ್ ಪಡೆದು ಇಟ್ಟುಕೊಳ್ಳಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.

ಇಷ್ಟು ಕೇಳಿದ ಮೇಲೆ ನೀವು ಹೇಳಬೇಕಾದ್ದೂ ಇದೆ. ಅಪ್ಪನಿಗೆ ಸಂಧಿವಾತ, ಸೋರಿಯಾಸಿಸ್, ಥೈರಾಯ್ಡ್, ಕರುಳಿನ ಹಳೆಯ ತೊಂದರೆ ಇದೆಯೇ? ಹಿಂದೆ ಟಿಬಿ ಮಾತ್ರೆ ತಿಂದಿದ್ದರೇ? ದಮ್ಮಿಗೆ ಎಂದು ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾರೆಯೇ? ದಿನಕ್ಕೆ 10 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ತಿನ್ನುತ್ತಿರುವಾಗ ಇಮ್ಯುನೋಥೆರಪಿ ಶುರು ಮಾಡಿದರೆ ಫಲ ಕುಗ್ಗಬಹುದು. ಹಾಗೆಂದು ನೀವೇ ಅದನ್ನು ತಟ್ಟನೆ ನಿಲ್ಲಿಸಲೂ ಬೇಡಿ. ಹೆಸರಿಲ್ಲದ ಪುಡಿ ಪೊಟ್ಟಣದಲ್ಲಿಯೂ ಸ್ಟೀರಾಯ್ಡ್ ಇರುವುದುಂಟು. ಅದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಕಿಡ್ನಿ ಕಸಿ ಆಗಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಈ ಔಷಧದಿಂದ ಕಸಿ ಮಾಡಿದ ಅಂಗವನ್ನೇ ದೇಹ ತಿರಸ್ಕರಿಸಬಹುದು.

ಪ್ರಶ್ನೆ: ಅಮ್ಮ ಜೀವನದಲ್ಲಿ ಬೀಡಿ ಮುಟ್ಟಿದವಳಲ್ಲ. ಸೌದೆ ಒಲೆ, ಬಚ್ಚಲ ಹಂಡೆಯ ಹೊಗೆ ಮಾತ್ರ. ಅವಳಿಗೆ ಇಮ್ಯುನೋಥೆರಪಿ ಬೇಡ, ದಿನಕ್ಕೊಂದು ಮಾತ್ರೆ ಸಾಕು ಎಂದರು. ದುಡ್ಡಿಲ್ಲದವರೆಂದು ಹೀಗೆ ಹೇಳಿದರೇ? (ಸಾಗರ)

ಉತ್ತರ: ಇಲ್ಲ. ಅಮ್ಮನ ವರದಿಯಲ್ಲಿ ಇಜಿಎಫ್‌ಆರ್ ಅಥವಾ ಎಎಲ್‌ಕೆ ಬದಲಾವಣೆ ಸಿಕ್ಕಿರಬೇಕು, ನೋಡಿ. ಬೀಡಿ ಸೇದದ ಹೆಂಗಸರಲ್ಲಿ ಇದು ಹೆಚ್ಚು. ಅಂಥವರಿಗೆ ಜೆಫಿಟಿನಿಬ್, ಒಸಿಮರ್ಟಿನಿಬ್, ಅಲೆಕ್ಟಿನಿಬ್‌ನಂಥ ಮಾತ್ರೆಯೇ ಮೊದಲ ಆಯ್ಕೆ. ಇಮ್ಯುನೋಥೆರಪಿ ಒಂದೇ ಆಗಿ ಕೊಟ್ಟರೆ ಅವರಲ್ಲಿ ಫಲ ಕಡಿಮೆ, ಪಿಡಿ-ಎಲ್1 ಹೆಚ್ಚಿದ್ದರೂ ಸಹ. ಮೊದಲು ಇಮ್ಯುನೋಥೆರಪಿ ಕೊಟ್ಟು ಬೆನ್ನಿಗೇ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶದ ಉರಿಯೂತ ತೀವ್ರವಾಗಿ ಕಾಣಿಸಿಕೊಂಡಿರುವ ಉದಾಹರಣೆಗಳಿವೆ. ಮೇಲಿನ ಉತ್ತರದಲ್ಲಿ ‘ಹಿಂದಕ್ಕೆ ಬರುವುದು ಕಷ್ಟ’ ಎಂದದ್ದು ಇದಕ್ಕೇ. ಡಾಕ್ಟರು ಹೇಳಿದ ಮಾತ್ರೆ ಅಗ್ಗದ ಬದಲಿಯಲ್ಲ, ಸರಿಯಾದ ಔಷಧ.

ಪ್ರಶ್ನೆ: ವರದಿಯಲ್ಲಿ ‘ಪಿಡಿ-ಎಲ್1 ಟಿಪಿಎಸ್ 60%’ ಎಂದಿದೆ. ಶೇಕಡಾ 60 ವಾಸಿಯಾಗುತ್ತದೆ ಎಂದೇ? (ಹೊಸನಗರ)

ಉತ್ತರ: ಅಲ್ಲ. ನೂರು ಕ್ಯಾನ್ಸರ್ ಕೋಶಗಳಲ್ಲಿ 60ರ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನ್ ಕಂಡಿತು ಎಂದಷ್ಟೇ ಅರ್ಥ. ರಕ್ಷಣೆಗೆ ಬಂದ ಟಿ-ಕೋಶಕ್ಕೆ ಕ್ಯಾನ್ಸರ್ ಕೋಶ ಈ ಪ್ರೋಟೀನ್ ತೋರಿಸಿ ‘ನಾನು ನಿಮ್ಮವನೇ’ ಎಂದು ನಂಬಿಸಿ ಸುಮ್ಮನಾಗಿಸುತ್ತದೆ. ಔಷಧ ಆ ಕೈಕುಲುಕಾಟಕ್ಕೆ ಅಡ್ಡ ಬರುತ್ತದೆ. ಇಂಥ ತಡೆಗಳನ್ನು ಗುರುತಿಸಿ ಚಿಕಿತ್ಸೆಗೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು.

ಸಂಖ್ಯೆಯ ಉಪಯೋಗ ಹೀಗೆ: 50 ಅಥವಾ ಹೆಚ್ಚಾದರೆ ಇಮ್ಯುನೋಥೆರಪಿ ಒಂದನ್ನೇ ಕೊಡುವ ಮಾತಾಡಬಹುದು. 1ರಿಂದ 49ರೊಳಗೆ, ಅಥವಾ 1ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೀಮೋ ಜೊತೆಗೆ. ಫಲದ ಅಂದಾಜು ಬೇಕೆಂದರೆ, ಟಿಪಿಎಸ್ 50 ಅಥವಾ ಹೆಚ್ಚಿದ್ದ, ಇಜಿಎಫ್‌ಆರ್ ಮತ್ತು ಎಎಲ್‌ಕೆ ಬದಲಾವಣೆ ಇಲ್ಲದ, ನಾಲ್ಕನೇ ಹಂತದ ರೋಗಿಗಳ ಒಂದು ದೊಡ್ಡ ಅಧ್ಯಯನದಲ್ಲಿ ಪೆಂಬ್ರೊಲಿಜುಮ್ಯಾಬ್‌ನಿಂದ ಶುರು ಮಾಡಿದವರಲ್ಲಿ 5 ವರ್ಷದ ನಂತರ ಬದುಕಿದ್ದವರು 100ಕ್ಕೆ ಸುಮಾರು 32. ಕೀಮೋದಿಂದ ಶುರು ಮಾಡಿದವರಲ್ಲಿ 16. ಎರಡರಷ್ಟಾಯಿತು ಎನ್ನುವುದೂ ನಿಜ, ಮೂರರಲ್ಲಿ ಇಬ್ಬರಿಗೆ ಅಷ್ಟು ದೂರ ಬರಲಾಗಲಿಲ್ಲ ಎನ್ನುವುದೂ ನಿಜ. ‘ನಮ್ಮ ಅಪ್ಪನ ಓಡಾಟದ ಶಕ್ತಿ, ಉಳಿದ ಕಾಯಿಲೆ ನೋಡಿದರೆ ಈ ಅಂಕಿ ಮೇಲೋ ಕೆಳಗೋ?’ ಎಂದು ಕೇಳಿ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುವವರನ್ನು ಇಂಥ ಅಧ್ಯಯನಗಳಿಗೆ ಸೇರಿಸಿಕೊಳ್ಳುವುದೇ ಇಲ್ಲ.

ಪ್ರಶ್ನೆ: ಒಂದು ಡೋಸ್‌ಗೇ ಲಕ್ಷಗಟ್ಟಲೆ ಎನ್ನುತ್ತಾರೆ. ತೋಟ ಅಡವಿಟ್ಟು ಶುರು ಮಾಡಿ, ನಾಲ್ಕು ಡೋಸ್ ಆದ ಮೇಲೆ ದುಡ್ಡು ಮುಗಿದರೆ? ದುಡ್ಡಿನ ಮಾತು ಡಾಕ್ಟರ ಹತ್ತಿರ ಎತ್ತಬಹುದೇ? (ಭದ್ರಾವತಿ)

ಉತ್ತರ: ಎತ್ತಲೇಬೇಕು, ಅದೂ ಮೊದಲ ಡೋಸ್‌ಗೆ ಮುಂಚೆ. ಸಂಕೋಚದಿಂದ ಸುಮ್ಮನಿದ್ದು ಮಧ್ಯೆ ನಿಲ್ಲಿಸುವವರೇ ಹೆಚ್ಚು ಕಳೆದುಕೊಳ್ಳುವುದು.

ಲೆಕ್ಕ ಹೀಗೆ ಕೇಳಿ: ಒಂದು ಸಲಕ್ಕೆ ಔಷಧ, ಡೇ-ಕೇರ್, ರಕ್ತಪರೀಕ್ಷೆ ಸೇರಿ ಎಷ್ಟು; ಮೊದಲ ಸ್ಕ್ಯಾನ್‌ವರೆಗೆ ಎಷ್ಟು ಸಲ; ಆಗ ಫಲ ಕಾಣದಿದ್ದರೆ ನಿಲ್ಲಿಸುತ್ತೀರಾ? ಪೆಂಬ್ರೊಲಿಜುಮ್ಯಾಬ್ ಮೂರು ವಾರಕ್ಕೊಮ್ಮೆ 200 ಮಿಲಿಗ್ರಾಂ ಅಥವಾ ಆರು ವಾರಕ್ಕೊಮ್ಮೆ 400. ನಿವೊಲುಮ್ಯಾಬ್ ಎರಡು ವಾರಕ್ಕೊಮ್ಮೆ 240 ಅಥವಾ ನಾಲ್ಕು ವಾರಕ್ಕೊಮ್ಮೆ 480. ಒಟ್ಟು ಔಷಧ ಒಂದೇ, ಆದರೆ ಸುತ್ತಾಟ ಅರ್ಧವಾಗುತ್ತದೆ. ಇನ್ನೊಂದು ವಿಷಯ ನಮ್ಮ ಕಡೆಯ ಸಣಕಲು ದೇಹದವರಿಗೆ ಮುಖ್ಯ. ಪೆಂಬ್ರೊಲಿಜುಮ್ಯಾಬ್ ಮೊದಲು ಬಂದದ್ದು ಕಿಲೋಗೆ 2 ಮಿಲಿಗ್ರಾಂ ಲೆಕ್ಕದಲ್ಲಿ. 50 ಕಿಲೋ ತೂಗುವವರಿಗೆ ಅದು 100 ಮಿಲಿಗ್ರಾಂ, ಅಂದರೆ ಎರಡು ವಯಲ್ (ಔಷಧದ ಪುಟ್ಟ ಸೀಸೆ) ಬದಲು ಒಂದು. ಕೆನಡಾದಲ್ಲಿ ಈಗಲೂ ತೂಕದ ಲೆಕ್ಕದಲ್ಲಿ ಕೊಡುವ ಕಡೆಗಳಿವೆ. ‘ತೂಕಕ್ಕೆ ತಕ್ಕ ಡೋಸ್ ನಮಗೆ ಆಗುತ್ತದೆಯೇ?’ ಎಂದು ಕೇಳುವುದು ಚೌಕಾಶಿಯಲ್ಲ, ಸರಿಯಾದ ವೈದ್ಯಕೀಯ ಪ್ರಶ್ನೆ.

‘20 ಮಿಲಿಗ್ರಾಂ ನಿವೊಲುಮ್ಯಾಬ್ ಸಾಕಂತೆ’ ಎಂಬ ಸುದ್ದಿಯೂ ಓಡಾಡುತ್ತಿದೆ. ಅದಕ್ಕೆ ಆಧಾರ ಮುಂಬೈನ ಟಾಟಾ ಮೆಮೋರಿಯಲ್‌ನ ಅಧ್ಯಯನ. ಆದರೆ ಅದು ನಡೆದದ್ದು ಬಾಯಿ ಮತ್ತು ಗಂಟಲಿನ ಕಡೆಯ ಕ್ಯಾನ್ಸರ್‌ನಲ್ಲಿ, ಬೇರೆ ಮಾತ್ರೆಗಳ ಜೊತೆಗೆ. ಶ್ವಾಸಕೋಶಕ್ಕೆ ಅದನ್ನು ಹಾಗೆಯೇ ಎತ್ತಿ ಹಾಕಲಾಗದು. ಡಾಕ್ಟರು ಕಡಿಮೆ ಡೋಸ್ ಸೂಚಿಸಿದರೆ ಯಾವ ಆಧಾರದ ಮೇಲೆ ಎಂದು ಕೇಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದೊಳಗೆ. ‘ಕಾರ್ಡ್ ನಡೆಯುತ್ತದೆ’ ಎಂಬ ಮಾತಿಗೆ ಸಮಾಧಾನ ಪಡಬೇಡಿ. ಈ ಔಷಧ, ಈ ಹಂತಕ್ಕೆ, ಪ್ಯಾಕೇಜ್‌ನಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಬರಹದಲ್ಲಿ ಪಡೆಯಿರಿ. ಸ್ಕ್ಯಾನ್, ಕೀಮೋ, ರೇಡಿಯೇಷನ್ ಒಳಗೆ ಬಂದು ಇಮ್ಯುನೋಥೆರಪಿ ಹೊರಗೆ ಉಳಿಯಬಹುದು. ಯಶಸ್ವಿನಿ ಸದಸ್ಯರೂ ಇದೇ ಪ್ರಶ್ನೆ ಕೇಳಬೇಕು. ಇಷ್ಟು ಡೋಸ್ ಕೊಂಡರೆ ಉಳಿದದ್ದು ಉಚಿತ ಎಂಬಂಥ ಕಂಪನಿಗಳ ನೆರವಿನ ಯೋಜನೆಗೆ ನಿಮ್ಮ ಡಾಕ್ಟರೇ ಅರ್ಜಿ ಹಾಕಬೇಕು. ಮೊದಲ ವಯಲ್ ಕೊಳ್ಳುವ ಮುಂಚೆಯೇ ಕೇಳಿ, ಕೊಂಡದ್ದನ್ನು ಆಮೇಲೆ ಲೆಕ್ಕಕ್ಕೆ ಹಿಡಿಯದೆ ಹೋಗಬಹುದು. ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಲ್ಲಿ ಒಮ್ಮೆ ಎರಡನೇ ಅಭಿಪ್ರಾಯ ಪಡೆದರೆ ಯಾವ ಡಾಕ್ಟರೂ ಮುನಿಸಿಕೊಳ್ಳಬೇಕಾಗಿಲ್ಲ.

ಔಷಧ ಹೊರಗಿನಿಂದ ತರುವುದಾದರೆ ಎಚ್ಚರ. 2 ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಬಾರದು, ಕುಲುಕಬಾರದು. ರಾತ್ರಿ ಬಸ್ಸಿನಲ್ಲಿ ತರುವಾಗ ವಯಲ್ ನೇರ ಐಸ್‌ಗೆ ತಾಗಿದರೂ ಕೆಡುತ್ತದೆ, ನಡುವೆ ಬಟ್ಟೆ ಅಥವಾ ರಟ್ಟು ಇರಲಿ. ಬಿಲ್‌ನಲ್ಲಿರುವ ಬ್ಯಾಚ್ ನಂಬರ್ ವಯಲ್‌ನ ನಂಬರಿಗೆ ಹೊಂದಬೇಕು. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು, ಖಾಲಿ ವಯಲ್‌ಗಳಿಗೆ ಬೇರೇನೋ ತುಂಬಿ ದುಬಾರಿ ಕ್ಯಾನ್ಸರ್ ಔಷಧವೆಂದು ಮಾರುತ್ತಿದ್ದ ಜಾಲವನ್ನು ಹಿಡಿದರು. ಡೋಸ್ ಮುಗಿದ ಮೇಲೆ ಖಾಲಿ ವಯಲ್‌ನ ಲೇಬಲ್ ಹರಿದು ಹಾಕುವಂತೆ ನರ್ಸ್‌ಗೆ ಹೇಳಿ. ‘ಅರ್ಧ ಬೆಲೆಗೆ ಕೊಡಿಸುತ್ತೇನೆ’ ಎಂದು ಆಸ್ಪತ್ರೆಯ ಮೆಟ್ಟಿಲಲ್ಲಿ ಸಿಗುವವರನ್ನು ದೂರವಿಡಿ.

ಪ್ರಶ್ನೆ: ರೋಗನಿರೋಧಕ ಶಕ್ತಿಯ ಚಿಕಿತ್ಸೆ ತಾನೆ? ಜೊತೆಗೆ ಅಮೃತಬಳ್ಳಿ ಕಷಾಯ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ? ತೊಗಟೆ ಔಷಧವನ್ನೂ ತಂದಿದ್ದೇವೆ. (ಸೊರಬ)

ಉತ್ತರ: ಹೆಸರು ಕೇಳಿದರೆ ಹಾಗೆನಿಸುವುದು ಸಹಜ. ಆದರೆ ಇಮ್ಯುನೋಥೆರಪಿ ಟಾನಿಕ್ ಅಲ್ಲ. ಕಾವಲು ನಾಯಿಯ ಮೂತಿಗೆ ಕಟ್ಟಿದ ಕುಕ್ಕೆ ಬಿಚ್ಚಿದಂತೆ: ಕಳ್ಳನನ್ನು ಹಿಡಿಯುತ್ತದೆ, ಒಮ್ಮೊಮ್ಮೆ ಮನೆಯವರಿಗೂ ಬಾಯಿ ಹಾಕುತ್ತದೆ. ಯಕೃತ್ತು, ಕರುಳು, ಥೈರಾಯ್ಡ್ ಇವೆಲ್ಲ ಆ ‘ಮನೆಯವರು’.

ಅಮೃತಬಳ್ಳಿಯನ್ನು ವಾರಗಟ್ಟಲೆ ಕುಡಿದವರಲ್ಲಿ ಯಕೃತ್ತಿನ ಉರಿಯೂತ ಕಾಣಿಸಿಕೊಂಡದ್ದನ್ನು ಕೋವಿಡ್ ಕಾಲದಲ್ಲಿ ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ, ಅದರಲ್ಲೂ ದೇಹ ತನ್ನ ಮೇಲೆಯೇ ತಿರುಗಿಬೀಳುವ ಬಗೆಯದ್ದು. ಅಶ್ವಗಂಧದಿಂದಲೂ ಯಕೃತ್ತಿಗೆ ಪೆಟ್ಟಾದದ್ದಿದೆ. ಇಮ್ಯುನೋಥೆರಪಿ ನಡೆಯುವಾಗ ಯಕೃತ್ತಿನ ಅಂಕಿ ಏರಿದರೆ ಕಾರಣ ಇಂಜೆಕ್ಷನ್ನೋ ಕಷಾಯವೋ ಎಂದು ಬಿಡಿಸುವುದು ಕಷ್ಟ. ಸುರಕ್ಷತೆಗಾಗಿ ಇಂಜೆಕ್ಷನ್ ನಿಲ್ಲುತ್ತದೆ, ಲಕ್ಷಗಟ್ಟಲೆ ಖರ್ಚು ಮಾಡಿದ ಔಷಧ ಒಂದು ಲೋಟ ಕಷಾಯದಿಂದ ಮಧ್ಯೆ ಬಿಟ್ಟುಹೋಗುತ್ತದೆ. ತೊಗಟೆಗೂ ಇದೇ ಮಾತು. ನಾಟಿ ಔಷಧ ಕೊಟ್ಟವರ ಮೇಲೆ ಗೌರವವಿರಲಿ, ಅದು ಬೇರೆ. ಈಗಾಗಲೇ ಕುಡಿಸಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ, ಯಾವ ದಿನದಿಂದ, ಎಷ್ಟು ಎಂದು ಹೇಳಿ. ಜೀರಿಗೆ, ಕೊತ್ತಂಬರಿ ಕಷಾಯ ಅಡುಗೆಯ ಪ್ರಮಾಣದಲ್ಲಿ ಕುಡಿದರೆ ಅಡ್ಡಿಯಿಲ್ಲ.

ಪ್ರಶ್ನೆ: ಮನೆ ಆಗುಂಬೆ ಕಡೆ. ಚಿಕಿತ್ಸೆ ಮಣಿಪಾಲದಲ್ಲಿ. ಮಳೆಗಾಲದಲ್ಲಿ ಘಾಟಿ ಯಾವಾಗ ಮುಚ್ಚುತ್ತದೋ ಹೇಳಲಾಗದು. ಅಡ್ಡಪರಿಣಾಮ ಆದರೆ ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು? (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಈ ಪ್ರಶ್ನೆಗೆ ಉತ್ತರವನ್ನು ಮೊದಲ ಡೋಸ್ ದಿನವೇ ಡಾಕ್ಟರ ಕೈಯಲ್ಲಿ ಬರೆಸಿಕೊಳ್ಳಬೇಕು. ಕೀಮೋದ ತೊಂದರೆಗಳಲ್ಲಿ ಹೆಚ್ಚಿನವು ಡೋಸ್ ಆದ ಒಂದೆರಡು ವಾರದಲ್ಲಿ ಬಂದು ಹೋಗುತ್ತವೆ. ಇದರದ್ದು ಹಾಗಲ್ಲ. ಎರಡನೇ ವಾರಕ್ಕೂ ಬರಬಹುದು, ಆರನೇ ತಿಂಗಳಿಗೂ ಬರಬಹುದು, ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ‘ಇಂಜೆಕ್ಷನ್ ನಿಂತು ಎಷ್ಟೋ ದಿನವಾಯಿತಲ್ಲ’ ಎಂದು ಊರಿನ ಡಾಕ್ಟರು ಕೈಬಿಡುವ ಅಪಾಯವಿರುವುದು ಇಲ್ಲೇ.

ಅಂದೇ ಹೊರಡಬೇಕಾದವು: ಹೊಸದಾಗಿ ಶುರುವಾದ ಅಥವಾ ಹೆಚ್ಚಾದ ಒಣಕೆಮ್ಮು, ದಮ್ಮು. ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿಡಿ. ವಾರಕ್ಕೆರಡು ಸಲ ಕೂತಾಗಲೂ, ಅಂಗಳದಲ್ಲಿ ಆರು ನಿಮಿಷ ನಡೆದ ಮೇಲೂ ನೋಡಿ ಬರೆದಿಡಿ. ಮಾಮೂಲಿಗಿಂತ 3-4 ಅಂಕ ಇಳಿದರೆ ಅದು ಶ್ವಾಸಕೋಶದ ಉರಿಯೂತದ ಸುಳಿವಾಗಿರಬಹುದು. ಅಡಿಕೆ ಬೇಯಿಸುವ ಹೊಗೆ, ಜಡಿಮಳೆಯ ಥಂಡಿ ಎಂದು ನೆಪ ಹೇಳಿಕೊಂಡು ವಾರ ಕಳೆಯಬೇಡಿ. ಎದೆನೋವು, ಎದೆ ಬಡಿತ ತಪ್ಪುವುದು, ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟ: ಹೃದಯ ಮತ್ತು ನರದ ಈ ತೊಂದರೆಗಳು ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ ಕಂಡರೆ ಸಕ್ಕರೆ ನೋಡಿಸಿ. ಇದುವರೆಗೆ ಸಕ್ಕರೆ ಕಾಯಿಲೆ ಇಲ್ಲದವರಿಗೂ ಇನ್ಸುಲಿನ್ ಬೇಕಾಗುವಂಥದ್ದು ದಿಢೀರನೆ ಬರಬಹುದು.

ಭೇದಿಗೆ ಎಣಿಕೆ ಬೇಕು. ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಹೆಚ್ಚಾದರೆ ಫೋನ್ ಮಾಡಿ, ಏಳು ಸಲ ಹೆಚ್ಚಾದರೆ ಅಥವಾ ರಕ್ತ ಕಂಡರೆ ಹೊರಡಿ. ಲೋಪರಮೈಡ್ ನುಂಗಿ ಕಟ್ಟಿಹಾಕಬೇಡಿ. ಕರುಳಿನ ಉರಿಯೂತ ಒಳಗೇ ಬೆಳೆಯುತ್ತದೆ, ಹೊರಗೆ ತಿಳಿಯುವುದಿಲ್ಲ. ಹಾಗೆಯೇ ಅಂಗಡಿಯ ಆಂಟಿಬಯೋಟಿಕ್ ಬೇಡ.

ಫೋನ್ ಮಾಡಿ ಮರುದಿನ ನೋಡಬಹುದಾದವು: ಅಲ್ಪಸ್ವಲ್ಪ ತುರಿಕೆ, ದದ್ದು, ಕೀಲುನೋವು. ಸುಸ್ತು ಮಾತ್ರ ಮೋಸ ಮಾಡುತ್ತದೆ. ಥೈರಾಯ್ಡ್ ಕುಂದಿದ್ದರೆ ನಿಧಾನವಾಗಿ ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು. ಇದು ಸುಮಾರು ಹತ್ತರಲ್ಲಿ ಒಬ್ಬರಿಗೆ ಬರುತ್ತದೆ, ಮಾತ್ರೆ ಶುರು ಮಾಡಿ ಇಮ್ಯುನೋಥೆರಪಿ ಮುಂದುವರಿಸಬಹುದು. ಆದರೆ ಸುಸ್ತಿನ ಜೊತೆ ತಲೆಸುತ್ತು, ಬಿಪಿ ಇಳಿತ, ತಲೆನೋವು ಇದ್ದರೆ ಪಿಟ್ಯುಟರಿ ಅಥವಾ ಅಡ್ರಿನಲ್ ಗ್ರಂಥಿ ಸೋತಿರಬಹುದು, ಅದು ತುರ್ತು. ಹೀಗಾಗಿ ಪ್ರತಿ ಡೋಸ್‌ಗೆ ಮುಂಚೆ ರಕ್ತಕಣ, ಯಕೃತ್ತು, ಕ್ರಿಯಾಟಿನಿನ್, ಸಕ್ಕರೆ ನೋಡಬೇಕು. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಅನ್ನು ಪ್ರತಿ ನಾಲ್ಕರಿಂದ ಆರು ವಾರಕ್ಕೊಮ್ಮೆಯಾದರೂ. ಇವನ್ನು ತೀರ್ಥಹಳ್ಳಿ ಅಥವಾ ಶಿವಮೊಗ್ಗದಲ್ಲೇ ಎರಡು ದಿನ ಮೊದಲು ಮಾಡಿಸಿ ಮೊಬೈಲ್‌ನಲ್ಲಿ ಕಳಿಸಬಹುದೇ ಎಂದು ಕೇಳಿ. ಅಂಕಿ ಕೆಟ್ಟಿದ್ದರೆ ಘಾಟಿ ಇಳಿದು ಖಾಲಿ ಕೈಯಲ್ಲಿ ಮರಳುವುದು ತಪ್ಪುತ್ತದೆ.

ಜ್ವರಕ್ಕೆ ನಮ್ಮ ಸೀಮೆಯದೇ ತೊಡಕಿದೆ. ಕೀಮೋ ಜೊತೆಗಿದ್ದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಕೂಡಲೇ ಆಸ್ಪತ್ರೆ, ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯುವಂತಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಕಾಲ. ಕಾಡಿಗೆ ಸೊಪ್ಪು ದರಗಿಗೆ ಹೋದದ್ದು, ಉಣ್ಣೆ ಕಚ್ಚಿದ್ದು, ಸುತ್ತಮುತ್ತ ಮಂಗ ಸತ್ತದ್ದು ಇದ್ದರೆ ಮಣಿಪಾಲ, ಬೆಂಗಳೂರಿನ ಕ್ಯಾನ್ಸರ್ ಡಾಕ್ಟರಿಗೂ ಹೇಳಿ. ಅವರು ಕೇಳದೆ ಇರಬಹುದು.

ಒಂದು ಕಾರ್ಡ್ ಮಾಡಿ ಜೇಬಿನಲ್ಲಿಡಿ: ಔಷಧದ ಹೆಸರು, ಕೊನೆಯ ಡೋಸ್ ತಾರೀಖು, ‘ಇದು ಕೀಮೋ ಅಲ್ಲ, ಇಮ್ಯುನೋಥೆರಪಿ, ಸ್ಟೀರಾಯ್ಡ್ ಬೇಕಾಗಬಹುದು, ಮೊದಲು ಈ ನಂಬರಿಗೆ ಕರೆ ಮಾಡಿ’ ಎಂದು. ಘಾಟಿ ಮುಚ್ಚಿದಾಗ ಯಾವ ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಅಥವಾ ಬೇರೆ, ಎಂಬುದನ್ನೂ ಮಳೆಗಾಲ ಹಿಡಿಯುವ ಮೊದಲೇ ಡಾಕ್ಟರ ಜೊತೆ ನಿರ್ಧರಿಸಿ. ತೀವ್ರ ಉರಿಯೂತಕ್ಕೆ ಪ್ರೆಡ್ನಿಸೊಲೋನ್ ಕಿಲೋಗೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಶುರು ಮಾಡಿ ನಾಲ್ಕರಿಂದ ಆರು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಇಳಿಸುತ್ತಾ ಬರುತ್ತಾರೆ. ಮೂರೇ ದಿನದಲ್ಲಿ ಹಗುರಾಯಿತೆಂದು ಮನೆಯವರೇ ಮಾತ್ರೆ ಬಿಟ್ಟಾಗ ಉರಿಯೂತ ಮರುಕಳಿಸುವುದು ಸಾಮಾನ್ಯ. ಅಡ್ಡಪರಿಣಾಮಕ್ಕೆ ಕೊಟ್ಟ ಸ್ಟೀರಾಯ್ಡ್ ಕ್ಯಾನ್ಸರ್ ಔಷಧದ ಫಲವನ್ನು ಅಳಿಸಿಬಿಡುತ್ತದೆ ಎಂಬ ಭಯಕ್ಕೆ ಬಲವಾದ ಆಧಾರವಿಲ್ಲ.

ಪ್ರಶ್ನೆ: ಬೆಂಗಳೂರಿನ ಒಪಿಡಿಯಲ್ಲಿ ಐದು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಇಷ್ಟೆಲ್ಲ ಹೇಗೆ ಕೇಳುವುದು? (ಶಿಕಾರಿಪುರ)

ಉತ್ತರ: ಕೇಳಲಾಗದು. ಒಂದು ಭೇಟಿಗೆ ಮೂರೇ ಪ್ರಶ್ನೆ, ದೊಡ್ಡ ಅಕ್ಷರದಲ್ಲಿ ಬರೆದು, ಕೂತ ಕೂಡಲೇ ಕೈಗೆ ಕೊಡಿ. ಜೊತೆಗೆ ಒಂದು ಪುಟದ ಪಟ್ಟಿ: ರೋಗದ ಇತಿಹಾಸ ತಾರೀಖು ಸಮೇತ, ಈಗಿನ ಮಾತ್ರೆಗಳು, ಅಲರ್ಜಿ. ಸ್ಕ್ಯಾನ್ ಫಿಲ್ಮ್ ಜೊತೆ ಸಿಡಿಯೂ ಇರಲಿ, ಹಳೆಯದನ್ನು ಹೋಲಿಸದೆ ಹೊಸದನ್ನು ಓದಿ ಪ್ರಯೋಜನವಿಲ್ಲ. ಮೂರು ಜನ ಒಳಗೆ ಹೋಗಿ ಮೂವರೂ ಮಾತಾಡಬೇಡಿ, ಒಬ್ಬರು ಕೇಳಲಿ, ಒಬ್ಬರು ಬರೆಯಲಿ. ಕೊನೆಗೆ ‘ನಾವು ಅರ್ಥ ಮಾಡಿಕೊಂಡದ್ದು ಹೀಗೆ, ಸರಿಯೇ?’ ಎಂದು ಕನ್ನಡದಲ್ಲೇ ತಿರುಗಿ ಹೇಳಿ. ತಪ್ಪಿದ್ದರೆ ಆಗಲೇ ತಿದ್ದುತ್ತಾರೆ. ಸಣ್ಣ ಪ್ರಶ್ನೆಗಳಿಗೆ ಡೇ-ಕೇರ್ ನರ್ಸ್ ಸಾಕು. ಡ್ರಿಪ್ ಹೋಗುವ ಅರ್ಧ ಗಂಟೆ ಅವರು ಹತ್ತಿರದಲ್ಲೇ ಇರುತ್ತಾರೆ. ರೋಗಿಗೆ ಕಾಯಿಲೆಯ ಹೆಸರು ಹೇಳಿಲ್ಲವೆಂದಾದರೆ ಅದನ್ನು ಬಾಗಿಲಲ್ಲಿ ಕಣ್ಸನ್ನೆ ಮಾಡುವ ಬದಲು ಮೊದಲೇ ತಿಳಿಸಿ. ಆದರೆ ಯಾವ ಲಕ್ಷಣಕ್ಕೆ ಫೋನ್ ಮಾಡಬೇಕೆಂಬುದು ರೋಗಿಗೇ ಗೊತ್ತಿರಬೇಕು. ರಾತ್ರಿ ಎರಡು ಗಂಟೆಗೆ ದಮ್ಮು ಬಂದಾಗ ಎಚ್ಚರವಾಗಿರುವವರು ಅವರೇ.

ಪ್ರಶ್ನೆ: ಮೂರು ಡೋಸ್ ಆಯಿತು. ಸ್ಕ್ಯಾನ್‌ನಲ್ಲಿ ಗಡ್ಡೆ ಸ್ವಲ್ಪ ದೊಡ್ಡದಾಗಿದೆ. ‘ಇದು ಸುಳ್ಳು ಬೆಳವಣಿಗೆಯೂ ಇರಬಹುದು, ಮುಂದುವರಿಸೋಣ’ ಎಂದರು. ನಂಬಬಹುದೇ? (ಶಿವಮೊಗ್ಗ)

ಉತ್ತರ: ರಕ್ಷಣಾ ಕೋಶಗಳು ಗಡ್ಡೆಯೊಳಗೆ ನುಗ್ಗಿ ಅದು ಊದಿದಂತೆ ಕಾಣುವುದುಂಟು. ಆದರೆ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಅದು ಅಪರೂಪ. ದೊಡ್ಡದಾಗಿ ಕಂಡದ್ದು ಹೆಚ್ಚಿನ ಸಲ ನಿಜವಾಗಿಯೂ ದೊಡ್ಡದಾಗಿರುತ್ತದೆ. ನೋಡಬೇಕಾದ್ದು ರೋಗಿಯನ್ನು: ಹಸಿವು, ತೂಕ, ಕೆಮ್ಮು, ಓಡಾಟ ಸುಧಾರಿಸಿದ್ದು ಹೊಸ ಜಾಗದಲ್ಲಿ ಗಂಟು ಇಲ್ಲದಿದ್ದರೆ ಇನ್ನೊಂದೆರಡು ಡೋಸ್ ಕೊಟ್ಟು, ನಾಲ್ಕರಿಂದ ಎಂಟು ವಾರದಲ್ಲಿ ಮತ್ತೆ ಸ್ಕ್ಯಾನ್ ಮಾಡುವುದು ಒಪ್ಪತಕ್ಕ ಮಾತು. ತೂಕ ಇಳಿಯುತ್ತಾ ಹೋಗುತ್ತಿದ್ದರೆ, ಯಕೃತ್ತು ಅಥವಾ ಮೂಳೆಯಲ್ಲಿ ಹೊಸದು ಕಂಡಿದ್ದರೆ ‘ಸುಳ್ಳು ಬೆಳವಣಿಗೆ’ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಹಾಗಾಗಿ ಈಗ ಕೇಳಬೇಕಾದ್ದು ಎರಡು: ಮುಂದಿನ ಸ್ಕ್ಯಾನ್ ಯಾವ ತಾರೀಖಿಗೆ, ಅದರಲ್ಲೂ ಬೆಳೆದಿದ್ದರೆ ಮುಂದೆ ಕೊಡುವ ಔಷಧ ಯಾವುದು? ಎರಡಕ್ಕೂ ಉತ್ತರ ಚೀಟಿಯಲ್ಲಿ ಬರೆದುಕೊಟ್ಟರೆ ಮುಂದುವರಿಸಿ. ಬರೆದುಕೊಡದಿದ್ದರೆ ನಾಲ್ಕನೇ ಡೋಸ್‌ಗೆ ಮೊದಲು ಇನ್ನೊಬ್ಬ ತಜ್ಞರಿಗೆ ಆ ಎರಡೂ ಸ್ಕ್ಯಾನ್‌ಗಳ ಸಿಡಿ ತೋರಿಸಿ.